ಅವ್ವನ ಈರುಳ್ಳಿ, ನನ್ನ ಟಾರ್ಪಾಲು

ಮೊನ್ನೆ ಬಾಳ್ಳುಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಪಕ್ಕದ ಅಂಗಡಿಗೆ ಲಾರಿಯಿಂದ ಈರುಳ್ಳಿ ಚೀಲ ಇಳಿಸುತ್ತಿದ್ದರು. ಒಂದು ಚೀಲ ದಬ್ ಅಂತ ಕೆಳಗೆ ಬಿದ್ದಾಗ ಒಣ ಸಿಪ್ಪೆ ಹಾರಿ ಬಂದು ನನ್ನ ಒದ್ದೆ ಅಂಗಿಯ ತೋಳಿಗೆ ಅಂಟಿಕೊಂಡಿತು. ಕೊಡವಿದೆ, ಹೋಗಲಿಲ್ಲ. ಅಂಗಡಿಯವನು ಅದನ್ನು ನೋಡಿ, "ಸಿಪ್ಪೆ ಹೆಂಗೈತೆ ನೋಡಿ ಸಾರ್, ಆರು ತಿಂಗ್ಳು ಇಟ್ರೂ ಜಪ್ಪಯ್ಯ ಅನ್ನಲ್ಲ" ಎಂದ.

ನನಗೆ ಸುಮ್ಮನಿರಲು ಬರುವುದಿಲ್ಲ, ಅದೇ ನನ್ನ ರೋಗ. ಚೀಲದಿಂದ ಒಂದನ್ನು ಎತ್ತಿಕೊಂಡು ಕುತ್ತಿಗೆಯನ್ನು ಹೆಬ್ಬೆರಳಿನಿಂದ ಅದುಮಿದೆ. "ಕುತ್ತಿಗೆ ಇನ್ನೂ ಹಸಿ ಐತೆ. ಆರು ವಾರ ಇದ್ರೆ ಹೆಚ್ಚು" ಎಂದೆ.

ಅವನಿಗೆ ಸಿಟ್ಟು ಬಂತು. "ತಾವೇನು ಈರುಳ್ಳಿ ಬೆಳೆದೋರಾ?"

"ಅಲ್ಲಪ್ಪ, ಕೊಳೆಸಿದೋನು" ಎಂದೆ.

ಅವನು ನಕ್ಕ. ನಾನು ನಗಲಿಲ್ಲ. ಆ ವಾಸನೆ ಮೂಗಿಗೆ ಹೊಡೆದಿತ್ತು, ಒಣ ಸಿಪ್ಪೆಯ, ಸ್ವಲ್ಪ ಮಣ್ಣಿನ, ಸ್ವಲ್ಪ ಗೋಣಿಯ ವಾಸನೆ. ನಾಲ್ಕು ವರ್ಷದ ಹಿಂದಿನ ಆ ಬೇಸಿಗೆ ಅಲ್ಲೇ ಬಸ್‌ಸ್ಟಾಪಿನಲ್ಲಿ ಬಂದು ನನ್ನ ಪಕ್ಕ ನಿಂತಿತು.

ಸಕಲೇಶಪುರದ ಆಚೆ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು ನಾನು. ಆಳುಗಳ ಹಾಜರಿ, ಗೊಬ್ಬರ, ಔಷಧಿ ಎಲ್ಲ ನೋಡುತ್ತಿದ್ದೆ, ನಿಜ. ಆದರೆ ನನ್ನ ಜಂಬವೆಲ್ಲ ಇದ್ದದ್ದು ಕಾಫಿ ಒಣಗಿಸುವ ಕಣದಲ್ಲಿ. ಪಾರ್ಚ್‌ಮೆಂಟನ್ನು, ಅಂದರೆ ಹಣ್ಣು ಬಿಡಿಸಿ ತೊಳೆದ ಸಿಪ್ಪೆ ಸಮೇತದ ಕಾಫಿ ಬೀಜವನ್ನು, ಎಷ್ಟು ತೆಳ್ಳಗೆ ಹರಡಬೇಕು, ಎಷ್ಟು ಸಲ ಕೆದಕಬೇಕು, ಸಂಜೆ ಯಾವಾಗ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಬೇಕು, ಇದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಮದುವೆ ಆಗಲಿಲ್ಲ. ನಿವೃತ್ತಿಯಾದ ದಿನ ಕ್ವಾರ್ಟರ್ಸ್ ಖಾಲಿ ಮಾಡಿ, ಒಂದು ಟ್ರಂಕು ಒಂದು ಹಾಸಿಗೆ ಹಿಡಿದು ಎಲ್ಲಿಗೆ ಹೋಗಲಿ ಎಂದು ನಿಂತಿದ್ದಾಗ ಅಕ್ಕನ ಫೋನ್ ಬಂತು. "ಎಲ್ಲಿಗೆ ಅಂತ ಯೋಚ್ನೆ ಮಾಡ್ತೀಯೋ? ನಾನು ಸತ್ತೋಗಿದೀನಾ? ಬಾ" ಎಂದಳು.

ಅಕ್ಕ, ಗೌರಮ್ಮ, ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಒಂಬತ್ತು. ಅಕ್ಕ ಆಗಲೇ ಮದುವೆಯಾಗಿದ್ದಳು. ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿ ಗಂಡನ ಮನೆಯಲ್ಲೇ ಸಾಕಿದಳು. ಅದು ಕೆ. ಹೊಸಕೋಟೆಯಿಂದ ಎರಡು ಮೈಲಿ ಒಳಗಿನ ಊರು. ಭಾವ ಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಸವಿತ, ಅರಸೀಕೆರೆ ಕಡೆಗೆ ಕೊಟ್ಟಿತ್ತು. ಮನೆ ಮುಂದೆ ಒಂದೆಕರೆ ಕಾಫಿ, ಅದಕ್ಕೊಂದು ಪುಟ್ಟ ಸಿಮೆಂಟಿನ ಕಣ. ಹಿಂದುಗಡೆ ಇಳಿಜಾರಿನಲ್ಲಿ ಹೊಲ. ಆ ಹೊಲದ ಮೂಲೆಯಲ್ಲಿ ಎರಡು ಗುಂಟೆ ಜಾಗದಲ್ಲಿ ಅವ್ವನ ಈರುಳ್ಳಿ.

ಅವ್ವನ ಈರುಳ್ಳಿ ಎಂದರೆ ಅವ್ವನದೇ. ಕುಂದೂರು ಕಡೆಯ ಅವಳ ತವರಿನಿಂದ ತಂದ ತಳಿ. ಚಿಕ್ಕದು, ಕಡುಗೆಂಪು, ಹೆಚ್ಚಿದರೆ ಪಕ್ಕದ ಮನೆಯವರೂ ಅಳಬೇಕು. ಮದುವೆಯಲ್ಲಿ ಅಕ್ಕನ ಸೆರಗಿಗೆ ಒಂದು ಹಿಡಿ ಗೆಡ್ಡೆ ಕಟ್ಟಿ ಕಳಿಸಿದ್ದಳಂತೆ. ಅಲ್ಲಿಂದ ವರ್ಷ ತಪ್ಪದೆ ಅಕ್ಕ ಒಳ್ಳೆಯ ಗೆಡ್ಡೆ ಆರಿಸಿ ಎತ್ತಿಟ್ಟು, ಕಾರ್ತಿಕದಲ್ಲಿ ನೆಟ್ಟು, ಹೂ ಬಿಡಿಸಿ ಬೀಜ ಮಾಡುತ್ತಿದ್ದಳು. ಆದರೆ ಹಿಂದಿನ ಮಳೆಗಾಲ ಅಕ್ಕ ಹಾಸನದ ಆಸ್ಪತ್ರೆ ಸೇರಿದ್ದಳು. ಹೃದಯಕ್ಕೆ ಶಕ್ತಿ ಇಲ್ಲ, ಬಗ್ಗಿ ಕೆಲಸ ಮಾಡಕೂಡದು ಎಂದಿದ್ದರು. ಬೀಜದ ಗೆಡ್ಡೆ ನೆಡುವುದು ತಪ್ಪಿಹೋಗಿತ್ತು. ಉಳಿದ ಬೀಜವನ್ನೆಲ್ಲ ಬಿತ್ತಿ, ಪೈರು ನೆಡಿಸಿದ್ದಳು. ಈರುಳ್ಳಿ ಬೀಜ ವರ್ಷ ದಾಟಿದರೆ ಮೊಳೆಯುವುದು ಕಷ್ಟ. ಅಂದರೆ ಅವ್ವನ ತಳಿ ಅಂತ ಲೋಕದಲ್ಲಿ ಏನಾದರೂ ಉಳಿದಿದ್ದರೆ ಅದು ಆ ಎರಡು ಗುಂಟೆಯಲ್ಲಿ, ಮಣ್ಣಿನೊಳಗೆ.

ಅದನ್ನು ಸವಿತನಿಗೆ ಕೊಡುವುದು ಅಕ್ಕನ ಆಸೆ. ಸವಿತನ ಹೊಲಕ್ಕೆ ಆ ವರ್ಷ ನೀರಾಗಿತ್ತು. "ನನ್ನ ಉಸಿರು ಇರೋವಾಗ್ಲೇ ಅವಳ ಮಡಿಲಿಗೆ ಹಾಕ್ಬುಡ್ತೀನಿ. ಆಮೇಲೆ ನಂಗೆ ಯಾವ ಚಿಂತೆನೂ ಇಲ್ಲ" ಎನ್ನುತ್ತಿದ್ದಳು. ಬೇರೆ ಆಸ್ತಿ ಬಗ್ಗೆ ಅವಳು ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ.

ನಾನು ಹೋದಾಗ ಸಂಕ್ರಾಂತಿ ಮುಗಿದಿತ್ತು. ಅಕ್ಕ ಕಣದ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಕಾಲು ಊದಿಕೊಂಡಿರುತ್ತಿತ್ತು. ಹೊಲಕ್ಕೆ ಹೋಗಲಾರಳು. ಹಾಗಾಗಿ ದಿನಾ ಬೆಳಿಗ್ಗೆ ನಾನು ಹೊಲದಿಂದ ಒಂದು ಈರುಳ್ಳಿ ಕಿತ್ತು ತಂದು ಅವಳ ಅಂಗೈಗೆ ಇಡಬೇಕು. ಅವಳು ಕಾಫಿ ಲೋಟ ಪಕ್ಕಕ್ಕಿಟ್ಟು ಅದರ ಕುತ್ತಿಗೆ ಅದುಮಿ, ಉಗುರಿನಿಂದ ಕೆರೆದು, ಮೂಸಿ, ನನಗೆ ಆ ದಿನದ ಹುಕುಂ ಕೊಡುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಒಂದು ದಿನ, "ಇನ್ನು ನೀರು ನಿಲ್ಸು" ಎಂದಳು.

"ಈ ಬಿಸಿಲಲ್ಲಿ ನೀರು ನಿಲ್ಸಿದ್ರೆ ಸತ್ತೋಗ್ತವೆ ಅಕ್ಕ."

"ಸಾಯ್ಲಿ ಅಂತಾನೇ ನಿಲ್ಸೋದು ಕಣೋ ದಡ್ಡ." ಉಗುರಿನಿಂದ ಮೇಲಿನ ಪದರ ಎಬ್ಬಿಸಿ ತೋರಿಸಿದಳು. ಬಿಳಿಗೆಂಪಗೆ, ರಸ ತುಂಬಿ ದಪ್ಪಗಿತ್ತು. "ಇದು ಈಗ ಸಿಪ್ಪೆ ಅಲ್ಲ, ತಿನ್ನೋ ಪದರಾನೇ. ಎಲೆಯ ಬುಡವೇ ಉಬ್ಬಿ ಗೆಡ್ಡೆ ಆಗಿರೋದು. ನೀರು ನಿಂತ್ರೆ ಎಲೆ ವಾಲ್ತದೆ, ಎಲೇಲಿರೋ ಸಾರ ಎಲ್ಲ ಕೆಳಕ್ಕಿಳೀತದೆ, ಕುತ್ತಿಗೆ ಮುಚ್ಕೋತದೆ. ಆಗ ಹೊರಗಿನ ಎರಡು ಮೂರು ಪದರ ತಾವು ಒಣಗಿ ಕಾಗದ ಆಗ್ಬುಡ್ತವೆ. ಬಣ್ಣ ಏರ್ತದೆ. ಆ ಬಣ್ಣದಲ್ಲೇ ಔಷಧಿ ಇರೋದು, ಬೂಷ್ಟು ಹತ್ತಕ್ಕೆ ಬುಡಲ್ಲ. ಯಾರೋ ಹೊರಗಿಂದ ತಂದು ಹೊದಿಸೋದಲ್ಲ ಅದು. ಅದಕ್ಕೆ ಟೈಮು ಕೊಡ್ಬೇಕು, ಗಾಳಿ ಕೊಡ್ಬೇಕು. ಅಷ್ಟೇ."

ನಾನು ಹೂಂ ಅಂದೆ. ಕೇಳಿಸಿಕೊಂಡೆ ಎಂದು ಆಗ ಅಂದುಕೊಂಡಿದ್ದೆ.

ಯುಗಾದಿ ಹೊತ್ತಿಗೆ ಮುಕ್ಕಾಲು ಪಾಲು ಎಲೆ ನೆಲಕ್ಕೆ ವಾಲಿತು. ಕಿತ್ತೆವು, ನಾನು ಮತ್ತು ಸಣ್ಣಮ್ಮ. ಸಣ್ಣಮ್ಮ ಅಕ್ಕನ ಮನೆಗೆ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುವವಳು. ಕಿತ್ತಿದ್ದನ್ನು ಸಾಲಾಗಿ ಮಲಗಿಸಿ, ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗೆಡ್ಡೆ ಮೇಲೆ ಬೀಳುವಂತೆ ಹೊದಿಸುತ್ತ ಹೋದಳು, ಬಿಸಿಲು ಸುಡದಿರಲಿ ಎಂದು. ಚೆಂದ ಕಾಣುತ್ತಿತ್ತು. ಮಾರನೇ ದಿನ ಅಕ್ಕನಿಗೆ ಉಸಿರು ಕಟ್ಟಿದಂತಾಯಿತು. ಸವಿತ ಕಾರು ಮಾಡಿಕೊಂಡು ಬಂದು ಹಾಸನಕ್ಕೆ ಕರೆದೊಯ್ದಳು. ಕಾರಿಗೆ ಹತ್ತುವಾಗಲೂ ಅಕ್ಕನ ಮಾತು ಒಂದೇ. "ಚಂದ್ರ, ಮೂರು ದಿನ ಹೊಲದಲ್ಲೇ ಇರ್ಲಿ. ಆಮೇಲೆ ಕೊಟ್ಟಿಗೇಲಿ ಗಾಳಿ ಆಡೋ ಕಡೆ ಹರಡು. ಎಲೆ ಕುಯ್ಯಬೇಡ. ಗೊತ್ತಾಯ್ತಾ?"

"ಹೋಗಿ ಬಾರಕ್ಕ. ಒಣಗಿಸೋದನ್ನ ನಂಗೆ ಹೇಳಿಕೊಡ್ತೀಯಾ?" ಎಂದು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಂದು ಮಧ್ಯಾಹ್ನ ಬಿಸ್ಲೆ ಕಡೆಯಿಂದ ಮೋಡ ಎದ್ದಿತು. ಕಾಫಿಯವರಿಗೆ ಆ ಮೋಡ ದೇವರು. ಹೂವಿನ ಮಳೆ ಬಂದರೆ ಮುಂದಿನ ವರ್ಷದ ಬೆಳೆ ಬಂದ ಹಾಗೆ. ನನಗೂ ಖುಷಿಯಾಯಿತು, ಜೊತೆಗೆ ಈರುಳ್ಳಿಯ ಗಾಬರಿ. ಮೂವತ್ತೊಂದು ವರ್ಷದ ಅಭ್ಯಾಸ ಕೈಗೆ ಬಂತು, ತಲೆಗೆ ಬರಲೇ ಇಲ್ಲ. ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ತಂದು ಸಿಮೆಂಟಿನ ಕಣಕ್ಕೆ ಸುರಿದೆ. ಹಸಿ ಎಲೆ ಇದ್ದರೆ ಗುಡ್ಡೆ ನೀಟಾಗಿ ಕೂರುವುದಿಲ್ಲವಲ್ಲ, ಕುಡುಗೋಲು ತೆಗೆದುಕೊಂಡು ಎಲೆಯನ್ನೆಲ್ಲ ಕತ್ತರಿಸಿದೆ. ಗುಡ್ಡೆ ಮಾಡಿ, ಟಾರ್ಪಾಲು ಎಳೆದು, ಸುತ್ತ ಕಲ್ಲು ಹೇರಿದೆ.

ಸಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ರೈಟ್ರೇ, ಕೊಟ್ಟಿಗೆ ಖಾಲಿ ಬಿದ್ದೈತಲ್ಲ. ಗೌರಕ್ಕ ಅಲ್ಲಿಗೆ ಹಾಕು ಅಂದ್ರಲ್ವಾ?"

"ಕೊಟ್ಟಿಗೆ ಸೋರ್ತದೆ. ಟಾರ್ಪಾಲಿಗಿಂತ ಭದ್ರ ಉಂಟಾ?"

"ಅದು ಉಸಿರಾಡ್ಬೇಕು ಕಣ್ರೀ."

"ಈರುಳ್ಳಿಗೆ ಎಂಥ ಉಸಿರು, ಹೋಗಮ್ಮ ಸುಮ್ನೆ."

ಸಂಜೆಗೆ ಮಳೆ ಹೊಡೆಯಿತು. ಎಂಥ ಮಳೆ! ಜಗಲಿಯಲ್ಲಿ ಕೂತು, ಟಾರ್ಪಾಲಿನ ಮೇಲೆ ಬೀಳುವ ಸದ್ದು ಕೇಳುತ್ತ, ಕಾಫಿ ಗಿಡಗಳು ನೆನೆಯುವುದನ್ನು ನೋಡುತ್ತ ಎರಡು ಲೋಟ ಕಾಫಿ ಕುಡಿದೆ. ಮಾರನೇ ದಿನವೂ ಬಂತು, ಅದರ ಮಾರನೇ ದಿನ ಜಿನುಗಿತು. ಆಕಾಶ ಬಿಡಲಿಲ್ಲ, ನಾನೂ ಟಾರ್ಪಾಲು ತೆಗೆಯಲಿಲ್ಲ. ಅಂಚು ಸರಿದಿದ್ದರೆ ಸರಿಮಾಡಿ ಇನ್ನೊಂದು ಕಲ್ಲು ಇಡುತ್ತಿದ್ದೆ. ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿದಳು. "ಮಳೆಯಂತೆ, ಈರುಳ್ಳಿ ಏನ್ಮಾಡ್ದೆ?"

"ಒಂದು ಹನಿ ತಾಗಿಲ್ಲ ಅಕ್ಕ. ಭದ್ರವಾಗೈತೆ."

ಎಲ್ಲಿ, ಹೇಗೆ ಎಂದು ಅವಳು ಕೇಳಲಿಲ್ಲ. ನಾನೂ ಟಾರ್ಪಾಲಿನ ಮಾತು ಎತ್ತಲಿಲ್ಲ. ಸಣ್ಣಮ್ಮನ ಮುಖ ನೋಡಿ ಒಳಗೆ ಎಲ್ಲೋ ಅಳುಕು ಹುಟ್ಟಿತ್ತೇನೋ.

ಐದನೇ ದಿನ ಬಿಸಿಲು ಬಂತು. ಅಕ್ಕನೂ ಬಂದಳು. ಸವಿತ ಅವಳನ್ನು ಇಳಿಸಿ, ಮಕ್ಕಳ ಪರೀಕ್ಷೆ ಎಂದು ಅದೇ ಕಾರಿನಲ್ಲಿ ವಾಪಸ್ಸು ಹೋದಳು. ಅಕ್ಕ ಕುರ್ಚಿಯಲ್ಲಿ ಕೂತ ಮೇಲೆ ನಾನು ಟಾರ್ಪಾಲು ಎಳೆದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಆಮೇಲೆ ನಾತ. ಮೇಲಿನವು ನೀರೊಡೆದು ಹೊಳೆಯುತ್ತಿದ್ದವು. ಕತ್ತರಿಸಿದ ಕುತ್ತಿಗೆಗಳಲ್ಲಿ ಕಪ್ಪು ಬೂಷ್ಟು. ಕೈ ಹಾಕಿದರೆ ಬೆರಳು ಒಳಗೇ ಇಳಿಯಿತು. ಕಾಫಿ ಬೀಜಕ್ಕೆ ಸಿಪ್ಪೆ ಮೊದಲೇ ಇರುತ್ತದೆ, ಮುಚ್ಚಿದರೆ ಸಾಕು. ಈರುಳ್ಳಿ ತನ್ನ ಸಿಪ್ಪೆಯನ್ನು ಆ ದಿನಗಳಲ್ಲೇ ಕಟ್ಟಿಕೊಳ್ಳಬೇಕಿತ್ತು. ನಾನು ಬಿಟ್ಟಿರಲಿಲ್ಲ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದಳು ಸಣ್ಣಮ್ಮ. ಅಕ್ಕ ಅವಳನ್ನು ಗದರಿದಳು. "ಸುಮ್ನಿರೇ. ಅವನ ಮುಖ ನೋಡು ಹೆಂಗಾಗೈತೆ." ಆಮೇಲೆ ನನ್ನ ಕಡೆ ತಿರುಗಿ, "ಮೊರ ತಗೊಂಬಾ" ಎಂದಳು. ಅಷ್ಟೇ. ಬೈಯಲಿಲ್ಲ. ಎರಡು ದಿನ ಕುರ್ಚಿಯಲ್ಲೇ ಕೂತು ಒಂದೊಂದನ್ನೂ ಅದುಮಿ ಆರಿಸಿದಳು. ಆರಿಸಿದವೂ ದಿನಕ್ಕೆ ಹತ್ತು ಹದಿನೈದು ಕೊಳೆಯುತ್ತ ಹೋದವು. ಹದಿನೈದು ದಿನ ಕಳೆದಾಗ ಉಳಿದದ್ದು ಇಪ್ಪತ್ಮೂರು.

"ಸಾಕು ಬುಡು" ಎಂದಳು ಅಕ್ಕ. "ಅವ್ವ ಕಟ್ಟಿಕೊಟ್ಟಿದ್ದೂ ಇಷ್ಟೇ ಇದ್ವು."

"ಸವಿತಂಗೆ ಹೇಳಬೇಡ ಅಕ್ಕ. ನಾನೇ ಹೇಳ್ತೀನಿ."

"ಹೂಂ, ನೀನೇ ಹೇಳು."

ಆ ಇಪ್ಪತ್ಮೂರನ್ನು ನಾನು ಮಗುವಿನಂತೆ ನೋಡಿಕೊಂಡೆ. ಕೊಟ್ಟಿಗೆಯ ನೆರಳಲ್ಲಿ, ಗಾಳಿ ಹಾಯುವ ಜಾಗದಲ್ಲಿ ಬಿದಿರ ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟೆ. ದಿನಾ ಹೋಗಿ ನೋಡುವುದೇ ಕೆಲಸ. ಮೊದಲು ಮೇಲಿನ ಪದರದ ಹೊಳಪು ಹೋಯಿತು. ಆಮೇಲೆ ಅದು ತೆಳ್ಳಗಾಗಿ, ನರಗಳು ಗೆರೆಗೆರೆಯಾಗಿ ಕಂಡವು. ಬಿಳಿಗೆಂಪು ಕಡುಗೆಂಪಾಯಿತು. ಕುತ್ತಿಗೆ ಸೊರಗಿ ಬಿಗಿಯಾಯಿತು. ಒಂದು ದಿನ ಕೈಯಲ್ಲಿ ಹಿಡಿದು ಉಜ್ಜಿದರೆ ಸರಸರ ಸದ್ದು ಬಂತು. ಓಡಿ ಹೋಗಿ ಅಕ್ಕನ ಕಿವಿಯ ಹತ್ತಿರ ಉಜ್ಜಿ ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿ, "ಈಗ ಕಲ್ತೆ ನೋಡು" ಎಂದಳು. ಅರವತ್ತು ವರ್ಷದವನು ನಾನು, ಕಣ್ಣಲ್ಲಿ ನೀರು ಬಂತು.

ಬೀಜದ ಈರುಳ್ಳಿಯನ್ನು ನಮ್ಮ ಕಡೆ ಎಲೆಗಳಿಂದಲೇ ಜಡೆ ಹೆಣೆದು ಒಲೆ ಮೇಲಿನ ಗಳಕ್ಕೆ ನೇತುಹಾಕುತ್ತಾರೆ. ಜಡೆ ಕಂಡರೆ ಯಾರೂ ಮುಟ್ಟುವುದಿಲ್ಲ, ಮಕ್ಕಳಿಗೂ ಗೊತ್ತು. ನಾನು ಎಲೆ ಕತ್ತರಿಸಿಬಿಟ್ಟಿದ್ದೆನಲ್ಲ, ಜಡೆಗೆ ಏನಿತ್ತು? ಅಂಗಡಿಯಿಂದ ಆಲೂಗಡ್ಡೆ ಬಂದಿದ್ದ ಒಂದು ಕೆಂಪು ಬಲೆಚೀಲ ಇತ್ತು. ಅದಕ್ಕೆ ತುಂಬಿ ಗಳಕ್ಕೆ ಕಟ್ಟಿದೆ.

ಮಳೆಗಾಲ ಹಿಡಿಯಿತು. ಅಕ್ಕ ಕುರ್ಚಿಯಿಂದ ಮಂಚಕ್ಕೆ ಹೋದಳು. ಸವಿತ ವಾರಕ್ಕೊಮ್ಮೆ ಬರುತ್ತಿದ್ದಳು. ಪ್ರತಿ ಸಲ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಬಾಯಿ ಬರುತ್ತಿರಲಿಲ್ಲ. ಎರಡು ಗುಂಟೆ ಬೆಳೆ ಒಂದು ಬಲೆಚೀಲಕ್ಕೆ ಬಂತು, ಮಾಡಿದವನು ನಾನು, ಎಂದು ಯಾವ ಮುಖದಲ್ಲಿ ಹೇಳುವುದು? ಅವಳು ಹೋದ ಮೇಲೆ ಅಕ್ಕ ಕೇಳುತ್ತಿದ್ದಳು. "ಹೇಳ್ದೇನೋ?"

"ಮುಂದಿನ ವಾರ ಅಕ್ಕ."

ಆಷಾಢ ಕಳೆದು ಶ್ರಾವಣ ಹುಟ್ಟಿದ ವಾರ, ಬೆಳಿಗ್ಗೆ ಹತ್ತು ಗಂಟೆಗೆ, ಗಂಜಿ ಬೇಡ ಎಂದು ಗೋಡೆ ಕಡೆ ತಿರುಗಿದವಳು ಮತ್ತೆ ಈ ಕಡೆ ತಿರುಗಲಿಲ್ಲ. ನನಗೆ ಎರಡನೇ ಸಲ ತಾಯಿ ಹೋದಳು.

ಹನ್ನೊಂದನೇ ದಿನ ತಿಥಿ. ಅಂಗಳದಲ್ಲಿ ಶಾಮಿಯಾನ, ಅಡುಗೆಗೆ ಹೊರಗಿನಿಂದ ಬಂದವರು. ನೆಂಟರು ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ನಾನು ಬಡಿಸುವ ಕಡೆ ನಿಂತಿದ್ದು, ಕೊನೆಯ ಪಂಕ್ತಿಯಲ್ಲಿ ಕೂತೆ. ಕಾಳಿನ ಸಾರು ಮುಗಿದು, ಆಗಷ್ಟೇ ಹೊಸದಾಗಿ ಒಗ್ಗರಣೆ ಹಾಕಿ ಮಾಡಿದ್ದರು. ಹನ್ನೊಂದು ದಿನದಿಂದ ನಾಲಿಗೆಗೆ ರುಚಿಯೇ ಇರಲಿಲ್ಲ. ಆ ಸಾರು ಮಾತ್ರ ಖಾರ ಖಾರವಾಗಿ, ಚಿಕ್ಕಂದಿನಲ್ಲಿ ಉಂಡ ಹಾಗೆ ಇತ್ತು. "ಇನ್ನೊಂದು ಸೌಟು ಹಾಕಪ್ಪ" ಎಂದು ಹಾಕಿಸಿಕೊಂಡೆ. ಮುದ್ದೆ ಮುರಿದು ಅದ್ದುತ್ತಿದ್ದಾಗ ಸಣ್ಣಮ್ಮ ಬಂದು ಎದುರು ನಿಂತಳು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ಕೈಯಲ್ಲಿ ಒಂದು ಮೊರ. ಮೊರದ ತುಂಬ ಕಡುಗೆಂಪು ಸಿಪ್ಪೆ. ಅದರ ಮೇಲೆ ಖಾಲಿ ಬಲೆಚೀಲ.

"ಈರುಳ್ಳಿ ಸಾಲ್ದೆ ಬಂತಂತೆ ರೈಟ್ರೇ. ಅಡ್ಗೆಯೋರು ಅಂಗ್ಡೀದು ಅಂದ್ಕೊಂಡ್ಬುಟ್ಟವ್ರೆ" ಎಂದಳು. "ನೀವಾದ್ರೂ ಒಂದು ಮಾತು ಹೇಳಿದ್ರೆ..."

ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಅಕ್ಕನ ತಿಥಿಯ ಎಲೆಯ ಮುಂದೆ ಕೂತಿದ್ದೆ. ನುಂಗಿದೆ.

ಸಂಜೆ ನೆಂಟರು ಹೊರಟ ಮೇಲೆ ಸವಿತ ಅಡುಗೆಮನೆಗೆ ಬಂದಳು. ಗಳದ ಕಡೆ ನೋಡಿದಳು. "ಮಾವ, ಅವ್ವನ ಈರುಳ್ಳಿ ಎಲ್ಲಿಟ್ರಿ?"

ನಾನು ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದೆ. "ಆ ಮಳೆಗೆ ಎಲ್ಲಾ ಕೊಳೆತುಹೋಯ್ತು ಕಣಮ್ಮ."

"ಗೊತ್ತು ಮಾವ. ಅವ್ವ ಬೇಸಿಗೇಲೇ ಫೋನ್ ಮಾಡಿದ್ಲು. ಮಳೆ ಬಂದು ಹಾಳಾಯ್ತು, ಆದ್ರೂ ಚಂದ್ರ ಕಷ್ಟಪಟ್ಟು ಇಪ್ಪತ್ಮೂರು ಉಳಿಸಿದಾನೆ, ಕಣ್ಣಲ್ಲಿ ಕಣ್ಣಿಟ್ಟು ಸಿಪ್ಪೆ ಕಟ್ಟಿಸಿದಾನೆ ಅಂದ್ಲು. ಅವನಾಗೇ ಕೊಡೋವರೆಗೂ ನೀನು ಕೇಳಬೇಡ, ಅವನಿಗೆ ಬೇಜಾರಾಗ್ತದೆ ಅಂದಿದ್ಲು. ಅದಕ್ಕೇ ನಾನೂ ಇಷ್ಟು ದಿನ ಸುಮ್ನಿದ್ದೆ." ಸೆರಗು ಮುಂದಕ್ಕೆ ಹಿಡಿದಳು. "ಕೊಡಿ ಮಾವ."

ನಾನು ಬಾಗಿಲ ಪಕ್ಕದಲ್ಲಿದ್ದ ಮೊರ ತೋರಿಸಿದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದಾದರೂ ಉಳಿದಿರಬಹುದೇ ಎಂದು ಸಿಪ್ಪೆಯೊಳಗೆ ನಿಧಾನವಾಗಿ ಕೈಯಾಡಿಸುತ್ತ ಹೋದಳು. ಸರಸರ ಸದ್ದು ಬರುತ್ತಿತ್ತು. ಚೆನ್ನಾಗಿ ಬಲಿತ ಸಿಪ್ಪೆ, ಎಲ್ಲೂ ಒಂದು ಚುಕ್ಕೆ ಬೂಷ್ಟು ಇರಲಿಲ್ಲ. ಅವಳು ಮೊರದ ತಳ ಮುಟ್ಟುವವರೆಗೂ ನಾನು ಅಲ್ಲೇ ನಿಂತಿದ್ದೆ.